ಚಿಗರಿ ಕೆದರಿದ ಹಿತ್ತಲು

ಮೊನ್ನೆ ಕಲಬುರಗಿಯ ಬ್ರಹ್ಮಪುರದ ಓಣಿಯಲ್ಲಿ ಹೊರಟಿದ್ದೆ. ಯಾರದೋ ಮನೆಯ ಹಿತ್ತಲಲ್ಲಿ ಬಾಣಂತಿಗೆ ನೀರು ಹಾಕುತ್ತಿದ್ದರು. ಕಣ್ಣಿಗೆ ಕಾಣಲಿಲ್ಲ, ವಾಸನೆ ಬಂತು. ಬಿಸಿನೀರು ಹಸಿ ಮಣ್ಣಿನ ಮೇಲೆ ಬಿದ್ದಾಗ ಏಳುವ ಹಬೆ, ಅದರೊಳಗೆ ಅರಿಸಿನ, ಬೇವಿನ ಸೊಪ್ಪು, ಮತ್ತೆ ಒಳಗೆ ಕೆಂಡದ ಮೇಲೆ ಹಾಕಿದ ಅಜವಾನದ ಹೊಗೆ. ಕಾಲು ತಾನಾಗಿ ನಿಂತಿತು. ಹಿಂದಿನಿಂದ ಟಾಂಗಾದವನು "ಯಜಮಾನ್ರ, ಜರಾ ಬಾಜೂಕ ಸರೀರಿ" ಅಂದ. ಸರಿದು ಗೋಡೆಗೆ ಆತು ನಿಂತೆ. ನಿಂತಷ್ಟು ಹೊತ್ತಿನಲ್ಲಿ ಕಮಲಾಪುರದ ಆ ಶ್ರಾವಣ ಪೂರ್ತಿ ಕಣ್ಣ ಮುಂದೆ ಹಾದು ಹೋಯಿತು.

ನಿಜಾಮರ ಆಳಿಕೆಯ ಕಾಲ. ನಾನಾಗ ಕಲಬುರಗಿಯಲ್ಲಿ ಗೌಂಡಿ ಕೆಲಸ ಮಾಡುತ್ತಿದ್ದೆ. ಮದರಸೆಯಲ್ಲಿ, ಅಂದರೆ ಆಗಿನ ಸರಕಾರಿ ಶಾಲೆಯಲ್ಲಿ, ಉರ್ದು ಅಕ್ಷರ ತಿದ್ದುತ್ತಿದ್ದ ವಯಸ್ಸಿನಲ್ಲಿಯೇ ಅಪ್ಪ ಸಾರವೆಯಿಂದ ಬಿದ್ದು ಸೊಂಟ ಕಳೆದುಕೊಂಡ. ಪಾಟಿ ಕೆಳಗಿಟ್ಟು ಕರಣಿ ಹಿಡಿದವನು ಮತ್ತೆ ಪಾಟಿ ಮುಟ್ಟಲಿಲ್ಲ. ಕನ್ನಡ ಓದು ಬರಹ ಆಮೇಲೆ ಮಠದ ಕಟ್ಟೆಯ ಮೇಲೆ ಕೂತು ಕಲಿತದ್ದು. ಅದರ ಬಗ್ಗೆ ನನಗೆ ಕೊರಗಿಲ್ಲ. ನಾನು ಎಬ್ಬಿಸಿದ ಗೋಡೆಗೆ ತೂಕದ ಗುಂಡು ಬಿಟ್ಟು ನೋಡುವ ಗೊಡವೆಗೆ ಯಾವ ಮೇಸ್ತ್ರಿಯೂ ಹೋಗುತ್ತಿರಲಿಲ್ಲ. ನೋಡಿದರೆ ದಾರ ಗೋಡೆಗೆ ಅಂಟಿಕೊಂಡೇ ಇಳಿಯುತ್ತಿತ್ತು.

ಅಂಥ ನನಗೆ ಆ ವರ್ಷ ತಲೆ ಎತ್ತಲಾಗದ ಒಂದು ಮಾತಿತ್ತು. ಅದನ್ನು ಹೇಳಬೇಕಾದರೆ ನಮ್ಮ ಕಡೆಯ ಒಂದು ಪದ್ಧತಿ ಹೇಳಬೇಕು. ಕೂಸಿನ ಹಿಂದೆ ಬರುವ ಮಾಸನ್ನು ನಾವು ಎಸೆಯುವುದಿಲ್ಲ. ಹೊಸ ಮಣ್ಣಿನ ಗಡಿಗೆಯಲ್ಲಿಟ್ಟು, ಅರಿಸಿನ ಕುಂಕುಮ ಹಾಕಿ, ಬಾಯಿಗೆ ಅರಿವೆ ಕಟ್ಟಿ ಹಿತ್ತಲಲ್ಲಿ ಹೂಳುತ್ತೇವೆ. ಬಾಣಂತಿ ದಿನಾ ಎರೆದುಕೊಳ್ಳುವುದು ಆ ಜಾಗದ ಮೇಲೆಯೇ ಕೂತು. ಅದು ನೆಲದೊಳಗೆ ತಣ್ಣಗಿದ್ದರೆ ಕೂಸು ಮೇಲೆ ತಣ್ಣಗಿರುತ್ತದೆ. ನಾಯಿ ಕೆದರಿದರೆ ಕೂಸು ದಕ್ಕುವುದಿಲ್ಲ. ಹೀಗೆ ಎಲ್ಲರೂ ನಂಬಿದ್ದರು, ನಾನೂ ನಂಬಿದ್ದೆ.

ಹಿಂದಿನ ವರ್ಷ ನಮ್ಮ ಬ್ರಹ್ಮಪುರದ ಮನೆಯಲ್ಲಿ ನನ್ನ ಹೆಂಡತಿ ಕಾಶಿಬಾಯಿ ಗಂಡುಕೂಸು ಹಡೆದಿದ್ದಳು. ತೊಟ್ಟಿಲಿಗೆ ಹಾಕುವ ಮೊದಲೇ ಅದು ಹೋಯಿತು. ಹೋದ ದಿನ ಬೆಳಿಗ್ಗೆ ನೋಡಿದರೆ ಹಿತ್ತಲಿನ ಗುಂಡಿಯ ಮಣ್ಣು ಕೆದರಿತ್ತು. ಓಣಿಯ ನಾಯಿಗಳಿಗೆ ನಮ್ಮ ಹಿತ್ತಲು ಹಾದಿಯಾಗಿತ್ತು, ಯಾಕೆಂದರೆ ಅದಕ್ಕೆ ಗೋಡೆ ಇರಲಿಲ್ಲ. ಕಮಲಾಪುರದಿಂದ ಬಂದ ನನ್ನ ಅತ್ತೆ ಆ ಮಣ್ಣು ನೋಡಿದರು, ನನ್ನ ಕಡೆ ನೋಡಲಿಲ್ಲ. ಅತ್ತೆ ಅಳಿಯನ ಎದುರಿಗೆ ಬಂದು ಮಾತಾಡುವ ರೂಢಿ ನಮ್ಮಲ್ಲಿಲ್ಲ. ಬಾಗಿಲ ಹಿಂದಿನಿಂದ ಮಗಳಿಗೆ ಹೇಳುವ ಹಾಗೆ ಹೇಳಿದರು: "ಊರ ಮಂದಿಗೆಲ್ಲ ಗ್ವಾಡಿ ಕಟ್ಟವರ ಮನಿ ಹಿತ್ತಲಕ್ಕ ಒಂದು ಗ್ವಾಡಿ ಇಲ್ಲ ನೋಡವ್ವಾ."

ಆ ತಿಂಗಳಲ್ಲಿಯೇ ಆಳೆತ್ತರದ ಗೋಡೆ ಹಾಕಿದೆ. ಕೂಸು ಹೋದ ಮೇಲೆ ಕಟ್ಟಿದ ಗೋಡೆ. ದಿನಾ ಬೆಳಿಗ್ಗೆ ಮುಖ ತೊಳೆಯುವಾಗ ಅದು ನನ್ನೆದುರಿಗೆ ನಿಂತಿರುತ್ತಿತ್ತು.

ಅದಕ್ಕೇ ಈ ಸಲ ಅತ್ತೆ ಮಗಳನ್ನು ತವರಿಗೇ ಕರೆಸಿಕೊಂಡರು. ಶ್ರಾವಣದ ಮಳೆಗೆ ಸುಣ್ಣದ ಕೆಲಸ ನಿಂತಿತ್ತು. ನಾನು ಹುಮನಾಬಾದ ರಸ್ತೆಯ ಬಂಡಿ ಹತ್ತಿ ಕಮಲಾಪುರ ಮುಟ್ಟುವಷ್ಟರಲ್ಲಿ ಒಳಗೆ ಕೂಸಿನ ಅಳು ಕೇಳುತ್ತಿತ್ತು. ಹೆಣ್ಣು. ತೋಯ್ದ ಪಂಜೆ ಹಿಂಡುತ್ತ ಪಡಸಾಲೆಯಲ್ಲಿ ನಿಂತೆ. ಬಾಗಿಲ ಹಿಂದಿನಿಂದ ಅತ್ತೆಯ ದನಿ ಬಂತು, ಹೇಳಿದ್ದು ಮಗ ಶರಣಪ್ಪನಿಗೆ. "ಶರಣ್ಯಾ, ಅವರಿಗಿ ಹೇಳು. ಮಂದಿ ಪಾಯಾ ಭಾಳ ತೋಡ್ಯಾರ, ತಮ್ಮ ಕೂಸಿನ ಗುಂಡಿ ತಾವೇ ತೋಡ್ಲಿ."

ಹಾರೆ ತೆಗೆದುಕೊಂಡು ಹೋದೆ. ಕಮಲಾಪುರದ್ದು ಕೆಂಪು ಮಣ್ಣು, ಮಳೆಗೆ ಮೆತ್ತಗಾಗಿತ್ತು. ಮೊಣಕಾಲುದ್ದ ಇಳಿದಿದ್ದೆನೋ ಇಲ್ಲವೋ, ಸೂಲಗಿತ್ತಿ ಚಂದವ್ವ ಗಡಿಗೆ ಹಿಡಿದುಕೊಂಡು ಬಂದಳು. ಊರಿನ ಅರ್ಧ ಮಂದಿಯನ್ನು ಭೂಮಿಗೆ ಇಳಿಸಿದವಳು, ಗೌಡನಿಗೂ 'ನೀ' ಅನ್ನುವವಳು.

"ಏ ಗೌಂಡಿ, ಬಾವಿ ತೋಡಾಕತ್ತಿ ಏನು? ಸಾಕು. ಭಾಳ ಆಳಕ್ಕ ಹೋದ್ರ ಮುಂದಿನ ಕೂಸು ತಡಾ ಆಗ್ತದ."

ಹೂಳಿದೆವು. ಮರುದಿನ ನಸುಕಿನಲ್ಲಿ ಅತ್ತೆ ಕೂಗಿಕೊಂಡರು. ಗುಂಡಿಯ ಮೇಲಿನ ಮಣ್ಣು ಗೇಣುದ್ದ ಕೆದರಿತ್ತು. ಆ ತಗ್ಗಿನಲ್ಲಿ ಮೈ ಸುತ್ತಿಕೊಂಡು ಮಲಗಿತ್ತು ಚಿಗರಿ.

ಚಿಗರಿ ಅಂದರೆ ಆ ಮನೆಯ ನಾಯಿ. ಚಿಗರಿಯ, ಅಂದರೆ ಜಿಂಕೆಯ ಹಾಗೆ ಸಪೂರ ಕಾಲು, ಅದರಂಥದೇ ಬಣ್ಣ. ಮದುವೆಗೆ ಮುಂಚೆ ಕಾಶಿ ಅದನ್ನು ಮರಿಯಿದ್ದಾಗ ಹಳ್ಳದ ದಂಡೆಯಿಂದ ಎತ್ತಿಕೊಂಡು ಬಂದು ತನ್ನ ಪಾಲಿನ ಹಾಲು ಹಾಕಿ ಬೆಳೆಸಿದ್ದಳು. ಅವಳು ಗಂಡನ ಮನೆಗೆ ಬಂದ ಮೇಲೆ ಅದು ಶರಣಪ್ಪನ ಹಿಂದೆ ಕೆಂಪು ಬಾಳೆಯ ತೋಟ ಕಾಯುತ್ತಿತ್ತು. ಕಾಶಿ ಬಾಣಂತನಕ್ಕೆ ತವರಿಗೆ ಬಂದದ್ದೇ ತಡ, ತೋಟ ಬಿಟ್ಟು ಹಿತ್ತಲಲ್ಲಿ ಬಂದು ಬಿದ್ದಿತ್ತು. ಬಾಣಂತಿಯ ಕೋಣೆಗೆ ನಾಯಿಯನ್ನು ಬಿಡುವಂತಿಲ್ಲ. ಅತ್ತ ತೋಟಕ್ಕೆ ಮಂಗಗಳು ಬೀಳುತ್ತಿದ್ದವು, ಇತ್ತ ನಾಯಿ ಹಿತ್ತಲು ಕೆದರುತ್ತಿತ್ತು. ಶರಣಪ್ಪನಿಗೆ ಎರಡೂ ಕಡೆಯ ಸಿಟ್ಟು.

ಗಡಿಗೆ ನೆಟ್ಟಗಿತ್ತು. ಮಣ್ಣು ಮುಚ್ಚಿ ನಾನು ಚಂದವ್ವನಿಗೆ ಅಂದೆ, "ಒಂದು ಫರಸಿ ಕಲ್ಲು ಹಾಕಿಬಿಡ್ತೀನಿ."

"ಕಲ್ಲು ಇಟ್ರ ಬಾಣಂತಿ ಎದಿ ಕಲ್ಲಾಗ್ತದ. ಹಾಲು ಇಳಿಯಂಗಿಲ್ಲ."

"ಜಾಲಿ ಮುಳ್ಳು ಹರವ್ತೀನಿ."

"ಕೂಸಿನ ಹೊಟ್ಯಾಗ ಚುಚ್ತದ."

"ಸುಣ್ಣ ಚೆಲ್ಲಿದ್ರ?"

"ಬಾಯಿ ಹುಣ್ಣಾಗ್ತದ."

"ಧಮ್ಮಸ್ ಹೊಡದು ನೆಲಾ ಗಟ್ಟಿ ಮಾಡ್ತೀನಿ."

"ಕೂಸಿನ ನೆತ್ತಿ ಮ್ಯಾಲ ಹೊಡದಂಗೋ ಮಾರಾಯಾ."

"ಮತ್ತ ನಾ ಏನ್ ಮಾಡ್ಲಿ ಚಂದವ್ವಾ?"

"ಕೈಯಾಗ ಕೋಲು ಹಿಡಕೊಂಡು ಕುಂದ್ರು. ಗಂಗಿ ಪೂಜಿ ಆಗಿ ಬಾಣಂತಿ ಹೊರಗ ಬರೂತನ ಕಾಯಿ. ಆಮ್ಯಾಲ ಏನ್ ಕೆದರಿದ್ರೂ ಭಯ ಇಲ್ಲ."

ಹೀಗಾಗಿ ಕಲಬುರಗಿಯ ಗೌಂಡಿ ಅತ್ತೆಯ ಮನೆ ಹಿತ್ತಲಲ್ಲಿ ಗೋಣಿತಟ್ಟು ಹೊದ್ದು, ಕೋಲು ಹಿಡಿದು ಕೂತ. ನೀರಿಗೆ ಹೋಗುವ ಹೆಂಗಸರು ಬೇಲಿಯಾಚೆ ನಿಂತು ನಗುತ್ತಿದ್ದರು. "ಅಳಿಯಂದ್ರಿಗಿ ಹೊಸಾ ನೌಕರಿ ಸಿಕ್ಕದೇನ್ರಿ? ಸರಕಾರಿ ಪಹರೇನ?" ನಾನು ಮುಖ ಆಚೆ ತಿರುಗಿಸುತ್ತಿದ್ದೆ. ಮಾವನ ಮನೆಯಲ್ಲಿ ಎರಡು ಊಟ ಹೆಚ್ಚಾದರೂ ಗಂಟಲಲ್ಲಿ ಇಳಿಯದ ಮನುಷ್ಯ ನಾನು. ಆದರೆ ಗೋಡೆಯ ಮಾತು ಬೆನ್ನ ಮೇಲಿತ್ತು. ಎದ್ದು ಹೋಗಲು ಬರುತ್ತಿರಲಿಲ್ಲ.

ಎಷ್ಟು ಕಾದರೂ ಕಣ್ಣು ತಪ್ಪುತ್ತಿತ್ತು. ಉಣ್ಣಲು ಒಳಗೆ ಹೋಗಿ ಬರುವಷ್ಟರಲ್ಲಿ ಚಿಗರಿ ಕೆದರಿರುತ್ತಿತ್ತು. ಹೊಡೆದರೆ ಓಡುತ್ತಿರಲಿಲ್ಲ, ಕಣ್ಣು ಮುಚ್ಚಿ ಅಲ್ಲೇ ಬಗ್ಗುತ್ತಿತ್ತು. ಶರಣಪ್ಪ ಅದನ್ನು ಬಂಡಿಗೆ ಕಟ್ಟಿಕೊಂಡು ಹೋಗಿ ದೂರದ ಸಂತೆಯಲ್ಲಿ ಬಿಟ್ಟು ಬಂದ. ಕೊರಳಲ್ಲಿ ತುಂಡು ಹಗ್ಗ, ಹೊಟ್ಟೆಗೆಲ್ಲ ಕೆಸರು, ಅದು ತಿರುಗಿ ಬಂತು. ಬಂದು ನೀರು ಕೂಡ ಕುಡಿಯಲಿಲ್ಲ. ನೇರ ಗುಂಡಿಯ ಹತ್ತಿರ ಹೋಯಿತು.

ಶರಣಪ್ಪ ಮೂಲೆಯಲ್ಲಿದ್ದ ಬಡಿಗೆ ತೆಗೆದು ಕಂಬಕ್ಕೆ ಆನಿಸಿಟ್ಟ. "ಇನ್ನೊಮ್ಮೆ ಕೆದರ್ಲಿ ಮಾಮಾ, ಮುಗಿಸೇಬಿಡ್ತೀನಿ. ಪಾಪ ಬಂದ್ರ ನನಗ ಬರ್ಲಿ."

ಬಾಗಿಲ ಹಿಂದೆ ಅತ್ತೆ ಮೂಗು ಒರೆಸಿಕೊಂಡದ್ದು ಕೇಳಿತು. ಆ ನಾಯಿಗೆ ಅನ್ನ ಹಾಕಿದ ಕೈ ಅದು. "ಕೂಸಿಗಿಂತ ನಾಯಿ ದೊಡ್ಡದಲ್ಲ," ಅಂದರು.

ಅವತ್ತು ಮಧ್ಯಾಹ್ನ ಅತ್ತೆ ಬಾವಿಗೆ ಹೋದಾಗ ಕಾಶಿ ಒಳಗಿನಿಂದ ಕರೆದಳು. ಬಾಣಂತಿಯ ಕೋಣೆಯ ಬಾಗಿಲಿಗೆ ಕಂಬಳಿ ಇಳಿಬಿಟ್ಟಿದ್ದರು. ನಾನು ಹೊಸ್ತಿಲ ಈಚೆ ನಿಂತೆ.

"ಚಿಗರಿನ ಕೊಲ್ತಾರಂತ, ಖರೇನ್ರಿ?"

"ಕೆದರಿದ್ರ ಅಂತ ಅಂದಾನ ನಿನ್ನ ತಮ್ಮ."

ಕೆಂಡದ ಮೇಲೆ ಏನೋ ಚಿಟಿಗುಟ್ಟಿತು.

"ಒಂದು ಮಾತು ಹೇಳ್ತೀನಿ. ಹ್ವಾದ ವರ್ಷ ನಮ್ಮ ಹಿತ್ತಲದಾಗ ಕೆದರಿದ್ದು ನಾಯಿ ಅಲ್ಲ. ನಾನು."

ನನಗೆ ತಿಳಿಯಲಿಲ್ಲ. "ಏನಂದಿ?" ಅಂದೆ.

"ಕೂಸು ಮೊಲಿ ಬಿಟ್ಟಿತ್ತು. ಗಡಿಗಿ ಒಡದದೋ ಏನೋ ಅಂತ ನನಗ ಒಂದೇ ಸಮನ ಅನಸ್ತಿತ್ತು. ಅದು ಹೋಗೂ ಹಿಂದಿನ ದಿನ, ನೀವು ಕೆಲಸಕ್ಕ ಹೋಗಿದ್ರಿ. ಕೈಲಿಂದ ಮಣ್ಣು ತಗದು ನೋಡಿದೆ. ಗಡಿಗಿ ಹ್ಯಾಂಗ ಇಟ್ಟಿದ್ರೋ ಹಾಂಗೇ ಇತ್ತು. ಬಾಯಿಗಿ ಕಟ್ಟಿದ ಅರಿವಿ ಸುದ್ದಾ ಬಿಚ್ಚಿದ್ದಿಲ್ಲ. ಮತ್ತ ಮಣ್ಣು ಎಳದು ಮುಚ್ಚಿದೆ. ಆದ್ರೂ ಹೋತು ನೋಡ್ರಿ ಕೂಸು."

ನಾನು ಕಂಬಳಿಯನ್ನೇ ನೋಡುತ್ತ ನಿಂತೆ. ಮೊದಲು ಬಂದದ್ದು ದುಃಖವಲ್ಲ, ಸಿಟ್ಟು.

"ಮತ್ತ ವರ್ಷಪೂರ್ತಿ ನನ್ನ ತಲಿ ಮ್ಯಾಲ ಯಾಕ ಹೊರಿಸಿದಿ? ನಿಮ್ಮವ್ವ ಗ್ವಾಡಿ ಗ್ವಾಡಿ ಅಂದಾಗೆಲ್ಲ ಬಾಜೂಕ ಕುಂತು ಕೇಳಿದಿಯಲ್ಲ ನೀ."

ಅವಳ ದನಿ ಏರಲಿಲ್ಲ. "ನಿಮ್ಮ ಮ್ಯಾಲ ಬಂದ್ರ ನೀವು ಗ್ವಾಡಿ ಕಟ್ಟಿದ್ರಿ. ನನ್ನ ಮ್ಯಾಲ ಬಂದಿದ್ರ ನಾ ಏನ್ ಕಟ್ಲಿರಿ?"

ಹೊರಗೆ ಬಂದು ಗೋಣಿತಟ್ಟಿನ ಮೇಲೆ ಕೂತೆ. ಹನಿ ಮಳೆ ಹತ್ತಿತ್ತು. ಈ ಮಾತನ್ನು ಶರಣಪ್ಪನಿಗೆ ಹೇಳಿದರೆ, ಹೋದ ಸಲ ಕೂಸು ಹೋದದ್ದು ನಾಯಿಯಿಂದಲ್ಲ ಅಂತಾಗಿ, ಚಿಗರಿ ಉಳಿಯಬಹುದು. ಆದರೆ ಆ ಕ್ಷಣದಿಂದ ಕಾಶಿ ತನ್ನ ಕೂಸಿನ ಗುಂಡಿಯನ್ನು ತಾನೇ ತೆರೆದವಳಾಗುತ್ತಾಳೆ. ಗಡಿಗೆ ನೆಟ್ಟಗಿತ್ತು ಅಂತ ಅವಳು ಹೇಳಿದರೆ ನಂಬುವವರು ಯಾರು? ಅವಳವ್ವನೇ ನಂಬುವುದಿಲ್ಲ. ಹೇಳದಿದ್ದರೆ ಬಡಿಗೆ ಕಂಬಕ್ಕೆ ಆನಿಸಿಯೇ ಇದೆ. ಹಾಗಾದರೆ ನಾಯಿಯ ಜೀವವೂ ಉಳಿಯಬೇಕು, ಇವಳ ಮಾತೂ ಉಳಿಯಬೇಕು.

ಇನ್ನೊಂದು ವಿಚಾರ ಅದಕ್ಕಿಂತ ಭಾರವಾಗಿತ್ತು. ಗಡಿಗೆ ನೆಟ್ಟಗಿದ್ದೂ ಕೂಸು ಹೋಗಬಹುದಾದರೆ ನಾನು ಈ ಮಳೆಯಲ್ಲಿ ಕೂತು ಕಾಯುತ್ತಿರುವುದು ಏನನ್ನು? ನಾಯಿಗೆ ಕೋಲು ತೋರಿಸಬಹುದು. ಆ ಕೂಸನ್ನು ಒಯ್ದದ್ದಕ್ಕೆ ಏನು ತೋರಿಸಬೇಕು? ಒಳಗಿನ ಕೂಸು ಅಳುವುದು ನಿಲ್ಲಿಸಿದಾಗೆಲ್ಲ ನನ್ನ ಕಿವಿ ಅತ್ತ ಹೋಗುತ್ತಿತ್ತು.

ಕೈ ಸುಮ್ಮನೆ ಇರುವ ಜಾತಿಯದಲ್ಲ. ಮೊದಲು ನಾಯಿಗೊಂದು ಮನೆ ಕಟ್ಟಿದೆ. ಹಿತ್ತಲಿನ ದೂರದ ಮೂಲೆಯಲ್ಲಿ ನಾಲ್ಕು ಬದಿಗೆ ಕಲ್ಲು, ಮೇಲೊಂದು ಫರಸಿ, ಒಳಗೆ ಹಾಸಲು ಜೋಳದ ದಂಟಿನ ಕಣಕಿ. ದಾರ ಹಿಡಿದು ಕಟ್ಟಿದೆ, ನಾಯಿಯ ಮನೆಯಾದರೇನು. ಶರಣಪ್ಪ ಬಾಳೆಗೊನೆ ಇಳಿಸಿ ಬಂದವನು ಅದರ ಸುತ್ತ ಒಂದು ಸುತ್ತು ಹಾಕಿದ.

"ಛಲೋ ಆಗ್ಯಾದ ಮಾಮಾ. ಮ್ಯಾಲ ಒಂದು ಮಾಳಿಗಿ ಹಾಕ್ರಿ, ಬೀಗರು ಬಂದ್ರ ಇಳಸಾಕ ಆಗ್ತದ."

ಚಿಗರಿ ಮೂಸಿ ನೋಡಿ ಹೊರಟುಹೋಯಿತು. ಸಂಜೆಗೆ ಬೇಲಿಯಾಚೆಯ ಆಡು ಬಂದು ಒಳಗೆ ಮಲಗಿತು.

ಆಮೇಲೆ ನಾನು ಕೋಲು ಬದಿಗಿಟ್ಟು ಸುಮ್ಮನೆ ನೋಡಲು ಶುರು ಮಾಡಿದೆ. ಕೆಲಸ ಹಿಡಿಯುವ ಮೊದಲು ನೆಲ ನೋಡುತ್ತೇವಲ್ಲ, ಹಾಗೆ. ನೋಡಿದರೆ, ಚಿಗರಿ ಕೆದರುವುದು ಕಾಶಿಯ ಸ್ನಾನ ಆದ ಮೇಲೆ ಮಾತ್ರ. ಹೂಳಿದ ಜಾಗ ತುಸು ಕುಸಿದು ತಟ್ಟೆಯಂತಾಗಿತ್ತು. ಹಂಡೆಗಟ್ಟಲೆ ಬಿಸಿನೀರು, ಎಣ್ಣೆ, ಕಡಲೆಹಿಟ್ಟು, ಅವಳ ಮೈ ತೊಳೆದ ಅರಿಸಿನ, ಎಲ್ಲ ಅಲ್ಲಿಯೇ ಇಂಗುತ್ತಿತ್ತು. ಮಳೆಯ ಚಳಿಯಲ್ಲಿ ಇಡೀ ಹಿತ್ತಲಿಗೆ ಅದೊಂದೇ ಬೆಚ್ಚನೆಯ, ಮೆತ್ತನೆಯ ಜಾಗ. ನಾಯಿ ಗಡಿಗೆಯ ತನಕ ಯಾವತ್ತೂ ಹೋಗಿರಲಿಲ್ಲ. ಮೈ ಹಿಡಿಸುವಷ್ಟು ಕೆದರುತ್ತಿತ್ತು, ಮೂಗು ಮಣ್ಣಿಗಿಟ್ಟು ಮಲಗುತ್ತಿತ್ತು. ಅದರ ಮನಸ್ಸಿನಲ್ಲಿ ಏನಿತ್ತೋ ನಾನರಿಯೆ. ನಾನು ನೋಡಿದ್ದು ನೀರು. ನೀರು ಎಲ್ಲಿ ನಿಲ್ಲಬೇಕು ಅನ್ನುವುದು ನನ್ನ ಕೆಲಸ.

ಚಂದವ್ವನ ಹತ್ತಿರ ಹೋದೆ. "ಕಲ್ಲು ಬ್ಯಾಡ, ಮುಳ್ಳು ಬ್ಯಾಡ. ಮಣ್ಣಿನ ಮ್ಯಾಲ ಮಣ್ಣು ಹಾಕಬಹುದೇನು?"

ಅವಳು ಎಲೆಯಡಿಕೆ ಅಗಿಯುತ್ತ ಯೋಚಿಸಿದಳು. "ಮಣ್ಣಿಗಿ ಮಣ್ಣು ಬ್ಯಾಡ ಅಂತ ಯಾರಂದಾರ? ಹಾಕು. ಬಡೀಬ್ಯಾಡ ಮತ್ತ."

ಬಡಿಯಲಿಲ್ಲ. ಕೆಂಪು ಮಣ್ಣು, ಕತ್ತರಿಸಿದ ಹುಲ್ಲು, ಸಗಣಿ ಸೇರಿಸಿ ತುಳಿದು ಹದ ಮಾಡಿದೆ. ಗುಂಡಿಯ ಮೇಲೆ ಪದರ ಪದರವಾಗಿ ಅಂಗೈಯಿಂದ ಸವರುತ್ತ ಬಂದೆ. ಕಾಶಿ ಕೂರುವ ಕಡೆ ಎತ್ತರ, ಮನೆಯ ಕಡೆ ಇಳಿಜಾರು. ಅಲ್ಲಿಂದ ಒಂದು ಸಣ್ಣ ಕಾಲುವೆ. ಅದನ್ನು ಬಾಣಂತಿಯ ಕೋಣೆಯ ಹೊರಗೋಡೆಗೆ, ಸೂರಿನ ಕೆಳಗೆ ಒಯ್ದೆ. ಅಲ್ಲೊಂದು ತಗ್ಗು ತೋಡಿ, ಪಾಯಕ್ಕೆ ನೀರು ತಾಗದಂತೆ ಗೋಡೆಯ ಬುಡಕ್ಕೆ ಜೇಡಿಮಣ್ಣು ಬಳಿದು, ತಳಕ್ಕೆ ಸಣ್ಣ ಕಲ್ಲಿನ ಗರಸು ಹಾಕಿ, ಮೇಲೆ ತೋಟದ ಸಡಿಲ ಮಣ್ಣು ತುಂಬಿದೆ. ಮಳೆ ಬಿದ್ದರೆ ಹಸಿ ಕೆಲಸ ಕೆಡುತ್ತದೆಂದು ಶರಣಪ್ಪನ ತೋಟದ ಬಾಳೆಯೆಲೆ ಹೊದಿಸಿ, ಆ ದಿನ ಪೂರ್ತಿ ಅಲ್ಲಾಡದೆ ಕೂತೆ. ನೀರಿಗೆ ಹೋಗುವ ಹೆಂಗಸರು ಅವತ್ತು ಏನು ಅಂದರೋ ಕೇಳಿಸಿಕೊಳ್ಳಲಿಲ್ಲ.

ಮಣ್ಣು ಆರಿದ ಮೇಲೆ ಕಾಶಿಗೆ ನೀರು ಹಾಕಿದರು. ಅವಳು ಒಳಗೆ ಹೋದಳು. ಶರಣಪ್ಪ ಬಡಿಗೆ ಹಿಡಿದು ಕಂಬದ ಹತ್ತಿರ ನಿಂತ. ಅತ್ತೆ ಬಾಗಿಲ ಹಿಂದೆ. ಚಿಗರಿ ಬಂತು. ಹಳೆಯ ಜಾಗದಲ್ಲಿ ಮೂಸಿತು. ಒಂದು ಕಾಲೆತ್ತಿ ಕೆರೆಯಿತು. ಸವರಿದ ಇಳಿಜಾರಿನಲ್ಲಿ ಉಗುರು ಜಾರಿತು. ಶರಣಪ್ಪ ಒಂದು ಹೆಜ್ಜೆ ಮುಂದೆ ಇಟ್ಟ.

"ತಡಿ," ಅಂದೆ.

ಅದು ಇನ್ನೊಮ್ಮೆ ಕೆರೆಯಿತು. ಮತ್ತೆ ತಲೆ ಕೆಳಗೆ ಹಾಕಿ ಒದ್ದೆಯ ಗೆರೆ ಹಿಡಿದು ನಡೆಯಿತು, ಕಾಲುವೆಯ ಗುಂಟ, ಸೂರಿನ ಕೆಳಗಿನ ತಗ್ಗಿನ ತನಕ. ಅಲ್ಲಿ ಬೆಚ್ಚನೆಯ ನೀರು ಇಂಗಿ ಸಣ್ಣಗೆ ಹಬೆಯಾಡುತ್ತಿತ್ತು. ಎರಡೂ ಮುಂಗಾಲಿನಿಂದ ಮನಸೋಕ್ತ ಕೆದರಿತು. ಮಣ್ಣು ಶರಣಪ್ಪನ ಪಂಜೆಯ ಮೇಲೆ ಸಿಡಿಯಿತು. ಸುತ್ತು ಹಾಕಿತು. ಬೆನ್ನನ್ನು ಕೋಣೆಯ ಗೋಡೆಗೆ ಕೊಟ್ಟು ಮಲಗಿತು. ಅದರ ಬಾಲ ಗೋಡೆಗೆ ಬಡಿಯುತ್ತಿತ್ತು. ಸ್ವಲ್ಪ ಹೊತ್ತಿಗೆ ಗೋಡೆಯ ಒಳಮಗ್ಗುಲಿನಿಂದ ಯಾರೋ ಬೆರಳಿನಿಂದ ತಟ್ಟಿದ ಸಪ್ಪಳ ಕೇಳಿತು.

ಶರಣಪ್ಪ ಪಂಜೆ ಝಾಡಿಸಿಕೊಂಡ. "ಇದರ ಹೊಟ್ಟಿ ತಣ್ಣಗಿರ್ಲಿ," ಅಂದು ಬಡಿಗೆಯನ್ನು ತೋಟಕ್ಕೆ, ಮಂಗ ಓಡಿಸಲು, ಒಯ್ದ.

ಗಂಗಿ ಪೂಜೆಯ ದಿನ ಬಿಸಿಲು ಬಿದ್ದಿತ್ತು. ಕಾಶಿ ಬಾವಿಗೆ ಅರಿಸಿನ ಕುಂಕುಮ ಏರಿಸಿ, ಕೊಡ ಹೊತ್ತು ಬಂದಳು. ಕೂಸು ದುಂಡಗಾಗಿತ್ತು, ಕುಲಾಯಿಯೊಳಗಿನಿಂದ ಬಿಸಿಲಿಗೆ ಮುಖ ಕಿವಿಚುತ್ತಿತ್ತು. ನಾನು ಪಡಸಾಲೆಯಲ್ಲಿ ಊಟಕ್ಕೆ ಕೂತಿದ್ದೆ. ಅತ್ತೆ ಅವತ್ತು ಬಾಗಿಲ ಹಿಂದೆ ನಿಲ್ಲಲಿಲ್ಲ. ಸೆರಗು ಮುಂದಕ್ಕೆ ಎಳೆದುಕೊಂಡು ಎದುರಿಗೇ ಬಂದು, ತಾವೇ ಹುಗ್ಗಿ ಬಡಿಸಿ, ಮೊದಲ ಸಲ ನನಗೇ ಹೇಳಿದರು.

"ನಿಮಗ ಗ್ವಾಡಿ ಗ್ವಾಡಿ ಅಂತ ಭಾಳ ಅಂದೀನಿ. ಮನಸಿನ್ಯಾಗ ಇಟಗೋಬ್ಯಾಡ್ರಿ. ಗುಂಡಿ ಕಾಯ್ದ್ರಿ, ಕೂಸು ಉಳಿಸಿದ್ರಿ."

ನಾನು ಕಾಶಿಯ ಕಡೆ ನೋಡಿದೆ. ಅವಳು ಕೂಸಿನ ಕುಲಾಯಿಯ ದಾರ ಬಿಚ್ಚಿ ಮತ್ತೆ ಕಟ್ಟುತ್ತಿದ್ದಳು. ಬೇರೆಯವನು ಎಬ್ಬಿಸಿದ ಗೋಡೆಗೆ ನನ್ನ ಹೆಸರು ಬಂದರೆ ಅಲ್ಲಿಯೇ, ಮಾಲಕರ ಎದುರಿಗೇ, 'ಇದು ನಂದಲ್ಲ' ಅನ್ನುವವನು ನಾನು. ಅವತ್ತು ಆ ಮಾತು ಹುಗ್ಗಿಯ ಸಂಗಡ ಒಳಗೆ ಇಳಿಯಿತು.

"ಹುಗ್ಗಿ ಛಲೋ ಆಗ್ಯಾದ್ರಿ," ಅಂದೆ.

ಅಲ್ಲಿಗೆ ಮುಗಿಯಲಿಲ್ಲ. ಅತ್ತೆ ಊರೆಲ್ಲ ಹೇಳಿಕೊಂಡು ಬಂದರು. ಮುಂದಿನ ವರ್ಷಗಳಲ್ಲಿ ನಾನು ಕಮಲಾಪುರಕ್ಕೆ ಹೋದಾಗೆಲ್ಲ ಯಾರಾದರೊಬ್ಬರು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು. "ನಮ್ಮ ಮನ್ಯಾಗ ಹಡದಾಳ್ರಿ. ಓಣ್ಯಾಗ ನಾಯಿ ಭಾಳ." ನಾನು ಎದ್ದು ಹೋಗುತ್ತಿದ್ದೆ. ಕಲಬುರಗಿಯಲ್ಲಿ ನನ್ನ ಕೈಯ ಗೋಡೆಗಳು ಇವತ್ತಿಗೂ ನಿಂತಿವೆ. ಕಮಲಾಪುರದಲ್ಲಿ ಮಾಡಿದ್ದು ಒಂದೂ ಉಳಿದಿಲ್ಲ. ಹಸಿ ಮಣ್ಣಿನ ಇಳಿಜಾರು, ಒಂದು ಮಳೆಗಾಲ ಕಳೆದರೆ ನೆಲಕ್ಕೆ ನೆಲವಾಗುತ್ತದೆ. ಹಾಗಂತ ಒಂದನ್ನೂ ಕಾಟಾಚಾರಕ್ಕೆ ಮಾಡಲಿಲ್ಲ.

ಒಂದು ಮನೆಯಲ್ಲಿ ಕೂಸಿನ ಅಜ್ಜಿ ನಾನು ಕೆಲಸ ಮುಗಿಸುವ ತನಕ ಹಿಂದೆಯೇ ನಿಂತಿದ್ದಳು. ಆ ಮನೆಯಲ್ಲಿಯೂ ಮೊದಲಿನದು ಹೋಗಿತ್ತು.

"ಇನ್ನ ನಾಯಿ ಬರಂಗಿಲ್ಲಲ್ರಿ?"

"ಬರಂಗಿಲ್ಲವ್ವ."

"ಕೂಸಿಗಿ ಏನೂ ಆಗಂಗಿಲ್ಲಲ್ಲ?"

ನಾನು ಅಂಗೈ ಒದ್ದೆ ಮಾಡಿಕೊಂಡು, ಆಗಲೇ ಸವರಿ ಮುಗಿದಿದ್ದ ಜಾಗವನ್ನು ಮತ್ತೊಮ್ಮೆ ಸವರಿದೆ. ಅವಳು ಉತ್ತರಕ್ಕೆ ಕಾಯುತ್ತ ನಿಂತೇ ಇದ್ದಳು.

"ನಾಯಿ ಬರಂಗಿಲ್ಲವ್ವ," ಅಂದೆ.